ಸ್ವಂತ ಮೇಲ್ ಸರ್ವರ್: ಬ್ಲಾಕ್‌ಲಿಸ್ಟ್ ಕೆಲಸ ಎಲ್ಲಿಯವರೆಗೆ ಬಂತು

ಈಗಿನ ಸ್ಥಿತಿ ಮೊದಲು ಹೇಳಿಬಿಡುತ್ತೇನೆ. ನಮ್ಮ ಪಕ್ಷಿವೀಕ್ಷಕರ ಗುಂಪಿನ ತಿಂಗಳ ಪತ್ರ ಈಗ ನಮ್ಮದೇ ಸರ್ವರ್‌ನಿಂದ ಹೋಗುತ್ತಿದೆ, ಜಿಮೇಲ್ ಇರುವವರಿಗೆ ಇನ್‌ಬಾಕ್ಸ್‌ಗೇ ಬೀಳುತ್ತಿದೆ. ಒಂದು ಕಾಲೇಜಿನ ಸರ್ವರ್ ಮಾತ್ರ ಇನ್ನೂ ಒಳಗೆ ಬಿಡುತ್ತಿಲ್ಲ. ಮೇಲ್ ಸರ್ವರ್ ನಡೆಸುವ ತಂತ್ರಾಂಶ ಪೋಸ್ಟ್‌ಫಿಕ್ಸ್ ಹಾಕುವುದು ಸಲೀಸು, ಅದರ ಬಗ್ಗೆ ಬರೆಯಲು ಜಾಸ್ತಿ ಏನೂ ಇಲ್ಲ. ಸಮಯವೆಲ್ಲ ಹೋಗಿದ್ದು ಬ್ಲಾಕ್‌ಲಿಸ್ಟ್‌ಗೆ, ಅಂದರೆ ಇಲ್ಲಿಂದ ಬರುವ ಮೇಲ್ ನಂಬಬೇಡಿ ಅಂತ ಗುರುತಿಸಿದ ವಿಳಾಸಗಳ ಪಟ್ಟಿಗೆ.

ಬಾಡಿಗೆಗೆ ತೆಗೆದುಕೊಂಡ ವಿಪಿಎಸ್‌ನಿಂದ (ಹೋಸ್ಟಿಂಗ್ ಕಂಪನಿಯ ದೊಡ್ಡ ಯಂತ್ರದ ಒಂದು ಪಾಲು) ಮೊದಲ ಸಲ ಪತ್ರ ಹೊರಟಾಗ ಬಹಳಷ್ಟು ವಾಪಸ್ ಬಂದವು. ಲಾಗ್‌ನಲ್ಲಿ ಇದ್ದ ಸಾಲು ಇದು: ‘554 5.7.1 ಸರ್ವಿಸ್ ಅನ್‌ಅವೇಲಬಲ್. ಕ್ಲೈಂಟ್ ಹೋಸ್ಟ್ ಬ್ಲಾಕ್ಡ್ ಯೂಸಿಂಗ್ ಜೆನ್.ಸ್ಪ್ಯಾಮ್‌ಹೌಸ್.ಆರ್ಗ್’. ಹೀಗೆ ವಾಪಸ್ ಬಂದದ್ದನ್ನು ಬಹಳ ಜನ ಓದದೇ ಡಿಲೀಟ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 5ರಿಂದ ಶುರುವಾದರೆ ಖಡಾಖಂಡಿತ ಬೇಡ ಎಂದ ಹಾಗೆ, 4ರಿಂದ ಶುರುವಾದರೆ ಆಮೇಲೆ ಬಾ ಎಂದ ಹಾಗೆ, ಆಗ ನಮ್ಮ ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ಸಾಲಿನ ಕೊನೆಯಲ್ಲಿ ಇರುವುದು ಯಾವ ಪಟ್ಟಿ ನೋಡಿ ತಡೆದರು ಅನ್ನುವುದು, ಇಲ್ಲಿ ಸ್ಪ್ಯಾಮ್‌ಹೌಸ್ ಅನ್ನುವ ಸಂಸ್ಥೆಯ ಜೆನ್ ಪಟ್ಟಿ.

ಈ ಪಟ್ಟಿಗಳು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟವಾಯಿತು. ಎಲ್ಲ ನಡೆಯುವುದು ಡಿಎನ್‌ಎಸ್‌ನಲ್ಲೇ, ಅಂದರೆ ಹೆಸರು ಕೇಳಿದರೆ ಐಪಿ (ಯಂತ್ರದ ಅಂಕಿ ವಿಳಾಸ) ಹೇಳುವ ಇಂಟರ್ನೆಟ್‌ನ ವಿಳಾಸ ಪುಸ್ತಕದಲ್ಲೇ. 203.0.113.25 ಅನ್ನುವ ಐಪಿಯಿಂದ ಮೇಲ್ ಬಂತು ಅಂದುಕೊಳ್ಳಿ. ತೆಗೆದುಕೊಳ್ಳುವ ಸರ್ವರ್ ಅದನ್ನು ಹಿಂದುಮುಂದು ಮಾಡಿ, ಪಕ್ಕದಲ್ಲಿ ಪಟ್ಟಿಯ ಹೆಸರು ಸೇರಿಸಿ, 25.113.0.203.ಜೆನ್.ಸ್ಪ್ಯಾಮ್‌ಹೌಸ್.ಆರ್ಗ್ ಇದೆಯಾ ಅಂತ ಕೇಳುತ್ತದೆ. ಅಂಥ ಹೆಸರೇ ಇಲ್ಲ ಅಂತ ಉತ್ತರ ಬಂದರೆ ಪಟ್ಟಿಯಲ್ಲಿ ನೀವಿಲ್ಲ. ಇದ್ದರೆ 127.0.0ರಿಂದ ಶುರುವಾಗುವ ಉತ್ತರ ಬರುತ್ತದೆ, ಕೊನೆಯ ಅಂಕಿಯಲ್ಲಿ ಕಾರಣ ಇರುತ್ತದೆ. 2 ಬಂದರೆ ಸ್ಪ್ಯಾಮ್ ಮೂಲ ಅಂತ ಗುರುತಿಸಿದ ಎಸ್‌ಬಿಎಲ್ ಪಟ್ಟಿ. 4 ಬಂದರೆ ವೈರಸ್ ಹತ್ತಿದ ಯಂತ್ರಗಳ ಎಕ್ಸ್‌ಬಿಎಲ್. 10 ಅಥವಾ 11 ಬಂದರೆ ಪಿಬಿಎಲ್, ಅಂದರೆ ಮನೆ ಬ್ರಾಡ್‌ಬ್ಯಾಂಡ್‌ನಂಥ, ನೇರವಾಗಿ ಮೇಲ್ ಕಳಿಸಬಾರದ ವಿಳಾಸಗಳು. ಪಿಬಿಎಲ್‌ನಲ್ಲಿದ್ದರೆ ನೀವು ತಪ್ಪು ಮಾಡಿದ್ದೀರಿ ಅಂತ ಅರ್ಥ ಅಲ್ಲವೇ ಅಲ್ಲ.

ಡಿಎನ್‌ಎಸ್ ಕೇಳುವ ‘ಡಿಗ್’ ಕಮಾಂಡ್ ಹಾಕಿ ನೋಡಿದಾಗ ನಮಗೆ ಬಂದದ್ದು 127.0.0.3. ಅದು ಸಿಎಸ್‌ಎಸ್, ಯಂತ್ರವೇ ತಯಾರಿಸುವ ಪಟ್ಟಿ. ನಮಗಿಂತ ಮುಂಚೆ ಆ ಐಪಿ ಇಟ್ಟುಕೊಂಡವರು ಯಾರೋ ಸಿಕ್ಕಾಪಟ್ಟೆ ಸ್ಪ್ಯಾಮ್ ಕಳಿಸಿದ್ದಾರೆ. ಹೊಸ ಸಿಮ್ ತೆಗೆದುಕೊಂಡ ಮೇಲೆ ಹಿಂದಿನವರ ಸಾಲ ವಸೂಲಿಗೆ ಫೋನ್ ಬರುತ್ತದಲ್ಲ, ಹಾಗೆ. ತಕ್ಷಣ ಅರ್ಜಿ ಹಾಕಿ ಹೆಸರು ತೆಗೆಸಬಹುದಿತ್ತು, ಆದರೆ ಮೊದಲು ನಮ್ಮ ಕಡೆ ಎಲ್ಲ ಸರಿ ಮಾಡಿಕೊಂಡೆವು. ಐಪಿಗೆ ಪಿಟಿಆರ್ ದಾಖಲೆ, ಅಂದರೆ ಐಪಿ ಕೊಟ್ಟರೆ ಹೆಸರು ಹೇಳುವ ದಾಖಲೆ ಹಾಕಿಸಿದೆವು. ಆ ಹೆಸರು ಮತ್ತೆ ಅದೇ ಐಪಿಗೆ ಬರಬೇಕು, ಸರ್ವರ್ ಹೆಲೋ ಹೇಳುವಾಗಲೂ ಅದೇ ಹೆಸರು ಹೇಳಬೇಕು. ಎಸ್‌ಪಿಎಫ್ (ನಮ್ಮ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಅನ್ನುವ ದಾಖಲೆ), ಡಿಕಿಮ್ (ಮೇಲ್‌ಗೆ ಡಿಜಿಟಲ್ ಸಹಿ), ಡಿಮಾರ್ಕ್ (ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕು ಅನ್ನುವ ಸೂಚನೆ) ಮೂರೂ ಆದವು. ಆಮೇಲೆ ಅರ್ಜಿ. ಕಾರಣ ಹಾಗೇ ಉಳಿದರೆ ಹೆಸರು ತೆಗೆದರೂ ಮತ್ತೆ ಸೇರುತ್ತದೆ, ಎರಡನೇ ಸಲ ಕೇಳಲು ಮುಖ ಇರುವುದಿಲ್ಲ.

ಐಪಿವಿ6, ಅಂದರೆ ಹೊಸ ಮಾದರಿಯ ಉದ್ದ ಐಪಿ ಇದ್ದವರು ಒಂದು ವಿಷಯ ಗಮನಿಸಿ. ಅಲ್ಲಿ ಸ್ಪ್ಯಾಮ್‌ಹೌಸ್ ಒಂದೊಂದೇ ವಿಳಾಸ ಹಿಡಿಯುವುದಿಲ್ಲ, ಇಡೀ /64 ಅನ್ನೇ, ಅಂದರೆ ಅಕ್ಕಪಕ್ಕದ ವಿಳಾಸಗಳ ಒಂದು ದೊಡ್ಡ ಗುಂಪನ್ನೇ ಪಟ್ಟಿಗೆ ಹಾಕುತ್ತದೆ. ನಮ್ಮ ಹೋಸ್ಟಿಂಗ್‌ನವರು ಒಂದೇ /64 ಅನ್ನು ಎಷ್ಟೋ ಗ್ರಾಹಕರಿಗೆ ಹಂಚಿದ್ದಾರೆ. ಪಕ್ಕದವರು ಕೆಟ್ಟರೆ ನಾವೂ ಹೋದೆವು. ಅದಕ್ಕೇ ಹೊರಗೆ ಹೋಗುವ ಮೇಲ್ ಸದ್ಯಕ್ಕೆ ಹಳೇ ಮಾದರಿಯ ಐಪಿವಿ4ನಲ್ಲಿ ಮಾತ್ರ.

ಒಳಗೆ ಬರುವ ಮೇಲ್‌ಗೂ ಇದೇ ಪಟ್ಟಿ ಬಳಸೋಣ ಅಂತ ಹೊರಟೆವು. ಇಲ್ಲಿ ಎಚ್ಚರ ಬೇಕು. 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ 127.255.255.254 ಅಂತ ಉತ್ತರ ಕೊಡುತ್ತದೆ. ಅದರ ಅರ್ಥ ಈ ದಾರಿಯಲ್ಲಿ ಕೇಳಬೇಡಿ ಅಂತ ಅಷ್ಟೇ. ಆದರೆ ಏನೇ ಉತ್ತರ ಬಂದರೂ ತಡೆ ಅಂತ ಬರೆದ ಸರ್ವರ್, ಬರುವ ಮೇಲ್‌ಗಳನ್ನೆಲ್ಲ ವಾಪಸ್ ಕಳಿಸುತ್ತಾ ಕೂರುತ್ತದೆ. ಅದಕ್ಕೆ ಅದೇ ಯಂತ್ರದಲ್ಲಿ ನಮ್ಮದೇ ಡಿಎನ್‌ಎಸ್ ತಂತ್ರಾಂಶ ಅನ್‌ಬೌಂಡ್ ಹಾಕಿ, 127.0.0.2ರಿಂದ 11ರವರೆಗಿನ ಉತ್ತರಕ್ಕೆ ಮಾತ್ರ ತಡೆ ಅಂತ ಪೋಸ್ಟ್‌ಫಿಕ್ಸ್‌ನಲ್ಲಿ ಬರೆದೆವು. ಮುಚ್ಚಿಹೋದ ಪಟ್ಟಿಗಳನ್ನೂ ಕಿತ್ತುಹಾಕಬೇಕು. ಒಆರ್‌ಡಿಬಿ ಅನ್ನುವ ಪಟ್ಟಿ 2006ರಲ್ಲಿ ನಿಂತಿತು. ಆದರೂ ಕೇಳುತ್ತಲೇ ಇದ್ದ ಸರ್ವರ್‌ಗಳಿಗೆ 2008ರ ಮಾರ್ಚ್‌ನಲ್ಲಿ ಅದು ಎಲ್ಲ ಐಪಿಗೂ ‘ಪಟ್ಟಿಯಲ್ಲಿದೆ’ ಅಂತ ಉತ್ತರ ಕೊಡಲು ಶುರು ಮಾಡಿತು, ಒಳ್ಳೇ ಮೇಲ್ ಕೂಡ ನಿಂತುಹೋಯಿತು. ಈಗಲೂ ಹಳೇ ಬ್ಲಾಗ್ ನೋಡಿ ಸುಮ್ನೆ ಹತ್ತು ಪಟ್ಟಿ ತಂದು ಅಂಟಿಸುವವರಿದ್ದಾರೆ.

ಒಂದು ಮಾತು ನೇರವಾಗಿ ಹೇಳಬೇಕು. ಪಟ್ಟಿ ಯಾರ ಮೇಲ್ ಅನ್ನೂ ತಡೆಯುವುದಿಲ್ಲ, ತಡೆಯುವುದು ಪಟ್ಟಿಯನ್ನು ನಂಬಿದ ಸರ್ವರ್. 1997ರಲ್ಲಿ ಪಾಲ್ ವಿಕ್ಸಿ ಮತ್ತು ಡೇವ್ ರ‍್ಯಾಂಡ್ ಇಂಥ ಮೊದಲ ಪಟ್ಟಿ ಆರ್‌ಬಿಎಲ್ ಮಾಡಿದ ಕಾಲದಿಂದಲೂ ಅದು ಒಬ್ಬರ ಅಭಿಪ್ರಾಯ, ಇನ್ನೊಬ್ಬರ ಆಯ್ಕೆ. ಹಾಗಾಗಿ ಯಾವ ಪಟ್ಟಿ ನಂಬುತ್ತೇವೆ ಅನ್ನುವುದು ದೊಡ್ಡ ಜವಾಬ್ದಾರಿ. ಒಂದಿಷ್ಟು ಜನರ ತಪ್ಪಿಗೆ ಇಡೀ ನೆಟ್‌ವರ್ಕ್ ಅನ್ನೇ ಸೇರಿಸಿ, ಬೇಗ ಹೊರಬರಲು ದುಡ್ಡು ಕೇಳುವ ಪಟ್ಟಿಗಳೂ ಇವೆ. ಇಂಥ ಪಟ್ಟಿ ನಡೆಸುವ ಬಗ್ಗೆ ಇರುವ 2012ರ ಇಂಟರ್ನೆಟ್ ದಾಖಲೆ ಆರ್‌ಎಫ್‌ಸಿ 6471, ಹೆಸರು ತೆಗೆಯಲು ಹಣ ಕೇಳಲೇಬಾರದು ಅನ್ನುತ್ತದೆ. ನಾವು ಒಂದು ಪೈಸೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನೀವೂ ಕೊಡಬೇಡಿ.

ಜಿಮೇಲ್ ವಿಷಯ ಬೇರೆ. ಅವರು ಬಹುಪಾಲು ತಮ್ಮದೇ ಲೆಕ್ಕ ಇಟ್ಟುಕೊಂಡಿರುತ್ತಾರೆ. 2024ರ ಫೆಬ್ರವರಿಯಿಂದ ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಡಿಮಾರ್ಕ್ ಕಡ್ಡಾಯ, ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು. ನಮ್ಮದು ಅದರ ಹತ್ತಿರಕ್ಕೂ ಹೋಗದ ಸಣ್ಣ ಗುಂಪು, ಆದರೂ ಬೇಡ ಅನ್ನುವವರಿಗೆ ಪತ್ರ ನಿಲ್ಲಿಸುವ ಲಿಂಕ್ ಮೇಲೆಯೇ ಕಾಣುವಂತೆ ಇಟ್ಟಿದ್ದೇವೆ.

ಉಳಿದಿರುವುದು ಆ ಕಾಲೇಜು. ಅಲ್ಲಿಂದ ಬರುವ 550 ಸಾಲಿನಲ್ಲಿ ಯಾವ ಪಟ್ಟಿಯ ಹೆಸರೂ ಇಲ್ಲ, ಅಂದರೆ ಅವರೇ ಇಟ್ಟುಕೊಂಡ ಒಳಪಟ್ಟಿ ಇರಬೇಕು. ಅವರ ಮೇಲ್ ಸರ್ವರ್ ನೋಡಿಕೊಳ್ಳುವವರ ಪೋಸ್ಟ್‌ಮಾಸ್ಟರ್ ವಿಳಾಸಕ್ಕೆ ಬೇರೆ ಖಾತೆಯಿಂದ ಬರೆದಿದ್ದೇನೆ: ನಮ್ಮ ಐಪಿ, ಮೇಲ್ ಕಳಿಸಿದ ಸಮಯ, ಬಂದ ಉತ್ತರ, ಎಲ್ಲ ಇದ್ದ ಹಾಗೇ. ಜೊತೆಗೆ ದಿನಾ ಬೆಳಿಗ್ಗೆ ನಮ್ಮ ಐಪಿ ಯಾವ ಪಟ್ಟಿಯಲ್ಲಿದೆ ಅಂತ ನೋಡಿ ಹೇಳುವ ಪುಟ್ಟ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ, ಮುಗಿದ ಮೇಲೆ ಹಾಕುತ್ತೇನೆ.