ಬಾಟಲಿಯ ಮೇಲೆ ಬರೆದಿದೆ, ಆದರೆ ಯಾವ ಕಡೆ?

ಬೆಂಗಳೂರಿನಲ್ಲಿ ಕೂತು ಅಮೆರಿಕದ ವಕೀಲರಿಗೆ ಕೆಲಸ ಮಾಡಿಕೊಡುವ ಕಂಪನಿಗಳು ಎಷ್ಟೋ ಇವೆ. ಅಂಥ ಒಂದರಲ್ಲಿ ನಾನು ಲೇಬಲ್ ಪ್ರಕರಣಗಳ ಟೀಮಿನಲ್ಲಿದ್ದೇನೆ. ಓದಿದ್ದು ಎಲ್‌ಎಲ್‌ಬಿ, ಆದರೆ ಕರಿ ಕೋಟು ಹಾಕಿ ಕೋರ್ಟಿಗೆ ಹೋಗುವ ಕೆಲಸವಲ್ಲ. ಅಲ್ಲಿನ ಗ್ರಾಹಕರು ಬಿಯರ್, ವಿಸ್ಕಿ, ವೋಡ್ಕಾ ಕಂಪನಿಗಳ ಮೇಲೆ ಹಾಕುವ ದಾವೆಗಳ ಕಾಗದಪತ್ರ ಓದಿ, ವಿಂಗಡಿಸಿ, ಹಿಂದಿನ ಆದೇಶಗಳ ಸಾರಾಂಶ ಬರೆದುಕೊಡುತ್ತೇವೆ. ನಮ್ಮ ಫೈಲುಗಳ ಬಗ್ಗೆ ಹೊರಗೆ ಮಾತಾಡುವ ಹಾಗಿಲ್ಲ. ಇಲ್ಲಿ ಹೇಳುವ ಪ್ರಕರಣಗಳೆಲ್ಲ ಯಾರು ಬೇಕಾದರೂ ತೆಗೆದು ಓದಬಹುದಾದ ಸಾರ್ವಜನಿಕ ದಾಖಲೆಗಳಲ್ಲಿರುವಂಥವು.

ಟೀಮಿಗೆ ಹೊಸದಾಗಿ ಸೇರಿದವರು ಫೈಲು ತೆರೆದ ಕೂಡಲೇ ಸುಳ್ಳನ್ನು ಹುಡುಕುತ್ತಾರೆ. ಕಂಪನಿ ಏನೋ ಸುಳ್ಳು ಬರೆದಿರಬೇಕು, ಅದನ್ನು ಹಿಡಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಈ ಪ್ರಕರಣಗಳಲ್ಲಿ ಅಪ್ಪಟ ಸುಳ್ಳು ಸಿಗುವುದು ಕಡಿಮೆ. ಲೇಬಲ್ಲಿನ ಒಂದೊಂದು ಸಾಲನ್ನೂ ಬಿಡಿಯಾಗಿ ತೆಗೆದುಕೊಂಡರೆ ಬಹುಪಾಲು ನಿಜವೇ. ತಯಾರಾದ ಊರಿನ ಹೆಸರೂ ಎಲ್ಲೋ ಒಂದು ಕಡೆ ಅಚ್ಚಾಗಿರುತ್ತದೆ. ಹಾಗಾಗಿ ನಾನು ಮೊದಲು ಹೇಳಿಕೊಡುವುದು ಇಷ್ಟು: ಏನು ಬರೆದಿದೆ ಅನ್ನುವುದು ಆಮೇಲೆ. ಎಲ್ಲಿ ಬರೆದಿದೆ, ದುಡ್ಡು ಕೊಡುವ ಮುಂಚೆ ಅದು ಕಣ್ಣಿಗೆ ಬೀಳುತ್ತದೆಯೇ, ಅದನ್ನು ನೋಡಿ.

ಇದನ್ನು ಕಲಿಸಲು ಬೆಕ್ಸ್ ಬಿಯರ್ ಪ್ರಕರಣಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬೆಕ್ಸ್ ಹುಟ್ಟಿದ್ದು ಜರ್ಮನಿಯ ಬ್ರೆಮೆನ್ ಊರಿನಲ್ಲಿ, 1873ರಲ್ಲಿ. ಅಮೆರಿಕದಲ್ಲಿ ಮಾರುವ ಬಾಟಲಿಗಳೂ ಅಲ್ಲಿಂದಲೇ ಹಡಗಿನಲ್ಲಿ ಬರುತ್ತಿದ್ದವು. 2012ರಲ್ಲಿ ಕಂಪನಿ ಆ ತಯಾರಿಕೆಯನ್ನು ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್‌ಗೆ ತಂದಿತು. ಪ್ಯಾಕಿನ ಮೇಲೆ ಮಾತ್ರ 'ಜರ್ಮನ್ ಗುಣಮಟ್ಟ', 'ಜರ್ಮನಿಯಲ್ಲಿ ಹುಟ್ಟಿದ್ದು', '1516ರ ಜರ್ಮನ್ ಶುದ್ಧತಾ ಕಾನೂನಿನ ಪ್ರಕಾರ ತಯಾರಾದದ್ದು' ಅನ್ನುವ ಮಾತುಗಳಿದ್ದವು. ಬಿಡಿಬಿಡಿಯಾಗಿ ನೋಡಿ. ಹುಟ್ಟಿದ್ದು ಜರ್ಮನಿಯಲ್ಲೇ. ನೀರು, ಬಾರ್ಲಿ, ಕಹಿ ಕೊಡುವ ಹಾಪ್ಸ್ ಹೂ ಮಾತ್ರ ಬಳಸಬೇಕೆಂಬ ಆ ಹಳೆಯ ಕಾನೂನನ್ನು ಸೇಂಟ್ ಲೂಯಿಸ್‌ನಲ್ಲೂ ಪಾಲಿಸಬಹುದು. 'ಅಮೆರಿಕದ ಉತ್ಪನ್ನ' ಎಂಬ ಸಾಲೂ ಬಾಟಲಿಯ ಮೇಲೆ ಇತ್ತು. ಮತ್ತೆ ಮೋಸ ಎಲ್ಲಿ?

ಈ ಪ್ರಶ್ನೆಗೆ ಉತ್ತರ ಕಂಪ್ಯೂಟರ್ ಪರದೆಯ ಮೇಲೆ ಸಿಗುವುದಿಲ್ಲ. ಲೇಬಲ್ಲಿನ ಆರ್ಟ್‌ವರ್ಕ್ ನಮಗೆ ಬರುವುದು ಪಿಡಿಎಫ್‌ನಲ್ಲಿ, ಚಪ್ಪಟೆಯಾಗಿ ಬಿಡಿಸಿಟ್ಟ ರೂಪದಲ್ಲಿ. ಹಿಂಭಾಗ, ಮುಂಭಾಗ, ಕುತ್ತಿಗೆಯ ಪಟ್ಟಿ ಎಲ್ಲ ಒಂದೇ ಹಾಳೆಯ ಮೇಲೆ. ಜೂಮ್ ಮಾಡಿದರೆ ಇರುವೆಯಂಥ ಅಕ್ಷರವೂ ದೊಡ್ಡದಾಗುತ್ತದೆ. ಹೊಸಬರು ತಪ್ಪದೆ ಹೇಳುತ್ತಾರೆ, "ಮೇಡಂ, ಇಲ್ಲೇ ಬರೆದಿದೆಯಲ್ಲ, ನೋಡಿ." ಆಗ ಅದನ್ನು ಅಸಲಿ ಅಳತೆಯಲ್ಲಿ ಪ್ರಿಂಟ್ ತೆಗೆಸುತ್ತೇನೆ. ಕತ್ತರಿಯಲ್ಲಿ ಕತ್ತರಿಸಿ, ಖಾಲಿ ಬಾಟಲಿಗೆ ಅಂಟಿಸಿ, ಆ ಬಾಟಲಿಯನ್ನು ಆರು ಬಾಟಲಿಯ ರಟ್ಟಿನ ಪ್ಯಾಕಿನೊಳಗೆ ಇಳಿಸಿ ಮೇಜಿನ ಮೇಲೆ ಇಡುತ್ತೇವೆ. ಎರಡು ಹೆಜ್ಜೆ ಹಿಂದೆ ನಿಂತು ಓದಲು ಹೇಳುತ್ತೇನೆ. ರಟ್ಟಿನ ಅಂಚು ಬಾಟಲಿಯ ಅರ್ಧದವರೆಗೂ ಬರುತ್ತದೆ. ಆಗಷ್ಟೇ ಎತ್ತಿ ತೋರಿಸಿದ ಆ ಸಾಲು ಅಂಚಿನ ಹಿಂದೆ ಮುಚ್ಚಿಹೋಗಿರುತ್ತದೆ. ಹತ್ತು ಪುಟದ ಟಿಪ್ಪಣಿ ಓದಿಸಿದರೂ ತಲೆಗೆ ಹೋಗದ್ದು ಇಷ್ಟರಿಂದ ಹೋಗುತ್ತದೆ.

ಬೆಕ್ಸ್ ಗ್ರಾಹಕರ ವಾದವೂ ಇದೇ ಆಗಿತ್ತು. 2013ರಲ್ಲಿ ಫ್ಲೋರಿಡಾದ ಫೆಡರಲ್ ಕೋರ್ಟಿನಲ್ಲಿ ದಾವೆ ಹಾಕಿದರು. ಆ ಸಾಲು ಹೊಳೆಯುವ ಬೆಳ್ಳಿ ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿದೆ, ಬಾಟಲಿಯನ್ನು ಪ್ಯಾಕಿನಿಂದ ಎತ್ತದೆ ಕಾಣುವುದಿಲ್ಲ ಎಂದರು. ದಾವೆಯನ್ನು ಮೊದಲ ಹಂತದಲ್ಲೇ ತಳ್ಳಿಹಾಕಿ ಎಂದು ಕಂಪನಿ ಕೇಳಿತು, ಕೋರ್ಟು ಒಪ್ಪಲಿಲ್ಲ. ಪ್ಯಾಕಿನ ಮುಖದ ಮೇಲಿರುವ ಮಾತು ದಾರಿ ತಪ್ಪಿಸುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಸಾಮಾನ್ಯ ವಿವೇಕದ ಗ್ರಾಹಕ ಪೆಟ್ಟಿಗೆ ಬಿಚ್ಚಿ ನೋಡಬೇಕಾಗಿಲ್ಲ ಎಂದಿತು. 2015ರಲ್ಲಿ ರಾಜಿಯಾಯಿತು. ರಸೀದಿ ಇದ್ದವರ ಮನೆಗೆ ಹೆಚ್ಚೆಂದರೆ 50 ಡಾಲರ್, ಇಲ್ಲದವರಿಗೆ 12 ಡಾಲರ್. ಸುದ್ದಿಯಾದದ್ದು ಈ ದುಡ್ಡು. ನನಗೆ ಮುಖ್ಯವೆನಿಸಿದ್ದು ರಾಜಿಯ ಇನ್ನೊಂದು ಷರತ್ತು: ಬಿಯರ್ ಅಮೆರಿಕದಲ್ಲಿ ತಯಾರಾದದ್ದು ಎಂಬ ಮಾತನ್ನು ಪ್ಯಾಕಿನ ಹೊರಗೆ, ಕೊಳ್ಳುವವರ ಕಡೆಗೆ ಮುಖ ಮಾಡಿರುವ ಭಾಗದಲ್ಲಿ ಹಾಕಬೇಕು. ಹೊಸ ಸತ್ಯವನ್ನೇನೂ ಸೇರಿಸಲಿಲ್ಲ, ಇದ್ದ ಸತ್ಯ ಜಾಗ ಬದಲಿಸಿತು.

ಇದಾದ ಮೇಲೆ ಕೈಗೆತ್ತಿಕೊಳ್ಳುವುದು ಕಂಪನಿ ಗೆದ್ದ ಪ್ರಕರಣಗಳನ್ನು. ಜಮೈಕಾದ ರೆಡ್ ಸ್ಟ್ರೈಪ್ ಬಿಯರನ್ನು ಪೆನ್ಸಿಲ್ವೇನಿಯಾದ ಲಟ್ರೋಬ್‌ನಲ್ಲಿ ತಯಾರಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಗ್ರಾಹಕರು ಹಾಕಿದ ದಾವೆಯನ್ನು 2016ರಲ್ಲಿ ಕೋರ್ಟು ವಜಾ ಮಾಡಿತು. ಪ್ಯಾಕಿನ ಮೇಲೆ 'ಜಮೈಕಾ ಶೈಲಿಯ ಲಾಗರ್' (ಲಾಗರ್ ಅಂದರೆ ಒಂದು ಬಗೆಯ ಬಿಯರ್) ಎಂದಿತ್ತು, 'ಜಮೈಕಾದ ರುಚಿ' ಎಂದಿತ್ತು. ಜಮೈಕಾದಲ್ಲೇ ತಯಾರಾಯಿತೆಂದು ಇದರಿಂದ ನಂಬುವುದು ಸಮಂಜಸವಲ್ಲ ಎಂದಿತು ಕೋರ್ಟು. ಮರುವರ್ಷ ಫಾಸ್ಟರ್ಸ್ ಬಿಯರ್ ವಿಷಯದಲ್ಲಿ ನ್ಯೂಯಾರ್ಕಿನಲ್ಲೂ ಹಾಗೇ ಆಯಿತು. ಕಾಂಗರೂ, ಆಸ್ಟ್ರೇಲಿಯಾ ಎಲ್ಲ ಜಾಹೀರಾತಿನಲ್ಲಿದ್ದರೂ, ಅಮೆರಿಕದ ಊರಿನ ಹೆಸರು ಕ್ಯಾನಿನ ಮೇಲೆ ಓದಲು ಸಿಗುವಂತಿತ್ತು.

ಕೋನಾ ಬಿಯರ್ ಮತ್ತೆ ಬೇರೆ. ಅದರ ಡಬ್ಬದ ಮೇಲೆ ಅಲೆ, ಜ್ವಾಲಾಮುಖಿಗಳ ಚಿತ್ರವಷ್ಟೇ ಅಲ್ಲ, ಹವಾಯಿ ದ್ವೀಪದ ನಕ್ಷೆ ಇತ್ತು, ಬ್ರೂವರಿಗೆ ಬಂದು ನೋಡಿ ಎಂಬ ಆಹ್ವಾನ ಇತ್ತು. ಬಾಟಲಿಯ ಬಿಯರ್ ಬರುತ್ತಿದ್ದದ್ದು ಅಮೆರಿಕದ ಮುಖ್ಯ ಭೂಭಾಗದಿಂದ. ಚಿತ್ರ ಬರೀ ಭಾವ ಹುಟ್ಟಿಸುತ್ತದೆ, ನಕ್ಷೆ ಮತ್ತು ವಿಳಾಸ ಒಂದು ಸಂಗತಿಯನ್ನು ಹೇಳುತ್ತವೆ ಎಂಬ ವ್ಯತ್ಯಾಸ ಇಲ್ಲಿ ಕೆಲಸ ಮಾಡಿತು. ದಾವೆ ಮುಂದುವರಿದು, 2019ರಲ್ಲಿ 47 ಲಕ್ಷ ಡಾಲರಿಗೆ ರಾಜಿಯಾಯಿತು.

ಹೀಗೆ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನಮ್ಮ ಸಾರಾಂಶದ ನಮೂನೆಯನ್ನೇ ಬದಲಿಸಿಕೊಂಡೆವು. ಮೊದಲು 'ನಿಜ ಸಂಗತಿ ಲೇಬಲ್ಲಿನಲ್ಲಿದೆಯೇ' ಎಂಬ ಒಂದೇ ಕಾಲಂ ಇತ್ತು, ಉತ್ತರ ಹೌದು ಅಥವಾ ಇಲ್ಲ. ಈಗ ಆ ಜಾಗದಲ್ಲಿ ಯಾವ ಬದಿ, ಅಕ್ಷರ ಎಷ್ಟು ಮಿಲಿಮೀಟರ್, ಯಾವ ಬಣ್ಣದ ಮೇಲೆ ಯಾವ ಬಣ್ಣ, ಪ್ಯಾಕ್ ಬಿಚ್ಚದೆ ಕಾಣುತ್ತದೆಯೇ ಎಂದು ಕೇಳುತ್ತೇವೆ. ಕೆಲಸ ಜಾಸ್ತಿಯಾಯಿತು ನಿಜ. ಆದರೆ ಅತ್ತ ಕಡೆಯ ವಕೀಲರು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆಗಳು ನಿಂತವು.

ಇನ್ನೊಂದು ಮಾತು ಹೊಸಬರನ್ನು ಬೇಗ ಕಟ್ಟಿಹಾಕುತ್ತದೆ: ಸರ್ಕಾರದ ಅನುಮತಿ. ಅಮೆರಿಕದಲ್ಲಿ ಮದ್ಯದ ಲೇಬಲ್ಲಿಗೆ ಟಿಟಿಬಿ ಎಂಬ ಕೇಂದ್ರ ಇಲಾಖೆ ಮೊದಲೇ ಒಪ್ಪಿಗೆ ಕೊಡಬೇಕು. ಒಪ್ಪಿಗೆ ಇದೆ ಎಂದಮೇಲೆ ಗ್ರಾಹಕ ಪ್ರಶ್ನಿಸುವಂತಿಲ್ಲ ಎಂದು ಕಂಪನಿಗಳು ವಾದಿಸುತ್ತವೆ. ಟೆಕ್ಸಸ್‌ನ ಟಿಟೋಸ್ ವೋಡ್ಕಾದ ಮೇಲೆ 'ಕೈಯಿಂದ ತಯಾರಿಸಿದ್ದು' ಎಂಬ ಮಾತಿನ ಬಗ್ಗೆ ದಾವೆ ಬಂದಾಗ, ಸ್ಯಾನ್ ಡಿಯಾಗೋದ ಕೋರ್ಟು 2015ರಲ್ಲಿ ಈ ವಾದವನ್ನು ಒಪ್ಪಲಿಲ್ಲ. ಅದೇ ವರ್ಷ, ಅದೇ ಪದದ ಮೇಲೆ, ಮೇಕರ್ಸ್ ಮಾರ್ಕ್ ವಿಸ್ಕಿಯ ವಿರುದ್ಧದ ದಾವೆಯನ್ನು ಫ್ಲೋರಿಡಾದ ನ್ಯಾಯಾಧೀಶರು ತಳ್ಳಿಹಾಕಿದರು. ಸ್ವೆಟರನ್ನು ಕೈಯಲ್ಲಿ ಹೆಣೆಯಬಹುದು, ಬೌರ್ಬನ್ ಎಂಬ ಈ ಬಗೆಯ ಅಮೆರಿಕದ ವಿಸ್ಕಿಯನ್ನು ಯಾರೂ ಕೈಯಲ್ಲಿ ಮಾಡಲಾರರು, ಹಾಗಾಗಿ ಯಾರೂ ಆ ಪದವನ್ನು ಅಕ್ಷರಶಃ ನಂಬುವುದಿಲ್ಲ ಎಂಬುದು ಅವರ ತರ್ಕ. ನನಗೆ ಈ ತೀರ್ಪು ಪೂರ್ತಿ ಒಪ್ಪಿಗೆಯಾಗಿಲ್ಲ. ಯಾರೂ ನಂಬದ ಪದವಾದರೆ ಅದನ್ನು ಬಾಟಲಿಯ ಮುಂಭಾಗದಲ್ಲಿ ಅಚ್ಚು ಹಾಕಿಸಲು ಕಂಪನಿ ಯಾಕೆ ಖರ್ಚು ಮಾಡುತ್ತದೆ? ಹೆಚ್ಚು ಬೆಲೆ ಕೊಡಲು ಜನರನ್ನು ಒಪ್ಪಿಸುವ ಪದ ಅದು.

ಟೆಂಪಲ್ಟನ್ ರೈ ವಿಸ್ಕಿಯದ್ದು ಇನ್ನೂ ಸ್ಪಷ್ಟ. ಅಯೋವಾ ರಾಜ್ಯದ ಪುಟ್ಟ ಊರಿನ ಹೆಸರು, ಪಾನನಿಷೇಧದ ಕಾಲದ ಪಾಕ, ಆ ಕಾಲದ ಕುಖ್ಯಾತ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಮೆಚ್ಚಿದ ವಿಸ್ಕಿ ಎಂಬ ಕಥೆ. ಬಟ್ಟಿ ಇಳಿಸುತ್ತಿದ್ದದ್ದು ಇಂಡಿಯಾನಾದ ಲಾರೆನ್ಸ್‌ಬರ್ಗ್‌ನ ದೊಡ್ಡ ಕಾರ್ಖಾನೆಯಲ್ಲಿ. ಇಂಥ ವಿಸ್ಕಿಗೆ ಬಟ್ಟಿ ಇಳಿಸಿದ ರಾಜ್ಯದ ಹೆಸರು ಹಾಕಬೇಕೆಂಬ ನಿಯಮ ಮೊದಲಿನಿಂದಲೂ ಇತ್ತು. ಹಾಗಿದ್ದೂ ಇಂಡಿಯಾನಾದ ಹೆಸರಿಲ್ಲದ ಬಾಟಲಿಗಳು ವರ್ಷಗಟ್ಟಲೆ ಮಾರಾಟವಾದವು. 2014ರಲ್ಲಿ ದಾವೆ, 2015ರಲ್ಲಿ 25 ಲಕ್ಷ ಡಾಲರ್ ರಾಜಿ, ಲೇಬಲ್ಲಿನ ಮೇಲೆ ಇಂಡಿಯಾನಾ. ಇಲಾಖೆ ಕೈಬಿಟ್ಟದ್ದನ್ನು ಗ್ರಾಹಕರು ಹಿಡಿದರು.

ಊರಿಗೆ ಹೋದಾಗ ನೆಂಟರು ಕೇಳುತ್ತಾರೆ, ನಮ್ಮಲ್ಲಿ ಇಂಥ ಕೇಸು ಯಾಕಿಲ್ಲ ಅಂತ. ನಮ್ಮಲ್ಲೂ ದೊಡ್ಡ ಲೇಬಲ್ ವ್ಯಾಜ್ಯ ನಡೆದಿದೆ, ಅದೂ ಬೆಂಗಳೂರಿನ ಕಂಪನಿಯದು. ಖೋಡೆಯವರ ಪೀಟರ್ ಸ್ಕಾಟ್ ವಿಸ್ಕಿ 1968ರಿಂದ ಮಾರುಕಟ್ಟೆಯಲ್ಲಿತ್ತು. ಆ ಹೆಸರು ಸ್ಕಾಚ್, ಅಂದರೆ ಸ್ಕಾಟ್ಲೆಂಡಿನಲ್ಲಿ ತಯಾರಾದ ವಿಸ್ಕಿ, ಎಂಬ ಭ್ರಮೆ ಹುಟ್ಟಿಸುತ್ತದೆ, ಟ್ರೇಡ್‌ಮಾರ್ಕ್ ನೋಂದಣಿಯನ್ನು ತೆಗೆದುಹಾಕಿ ಎಂದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ 1986ರಲ್ಲಿ ಅರ್ಜಿ ಹಾಕಿತು. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಖೋಡೆ ಪರ ತೀರ್ಪು ಕೊಟ್ಟಿತು. ಅಸೋಸಿಯೇಷನ್‌ಗೆ 1974ರಲ್ಲೇ ಗೊತ್ತಿತ್ತು, ಇಷ್ಟು ವರ್ಷ ಸುಮ್ಮನಿದ್ದರು ಎಂಬುದು ಒಂದು ಕಾರಣ. ಸ್ಕಾಚ್ ಕೊಳ್ಳುವವರು ತಿಳಿದವರು, ವ್ಯತ್ಯಾಸ ಅವರಿಗೆ ಗೊತ್ತಾಗುತ್ತದೆ ಎಂಬುದು ಇನ್ನೊಂದು. ಅದು ತಯಾರಕರ ನಡುವಿನ ಜಗಳ. ಕೊಳ್ಳುವವರ ಬಗ್ಗೆ ಎರಡೂ ಕಡೆಯವರು ಮಾತಾಡಿದರು, ಕೊಳ್ಳುವವರು ಮಾತ್ರ ಕಕ್ಷಿದಾರರಾಗಿರಲಿಲ್ಲ.

ನಮ್ಮ ಎಂಆರ್‌ಪಿ ಅಂಗಡಿಗಳನ್ನು ನೋಡಿದಾಗ ನನಗೆ ಕಳವಳವಾಗುವುದು ಇದಕ್ಕೇ. ಅಮೆರಿಕದ ಕೋರ್ಟುಗಳ ತರ್ಕವೆಲ್ಲ ನಿಂತಿರುವುದು ಕಪಾಟಿನ ಮುಂದೆ ನಿಂತು ಕೈಗೆತ್ತಿಕೊಂಡು ನೋಡುವ ಗ್ರಾಹಕನ ಮೇಲೆ. ಇಲ್ಲಿ ಕಬ್ಬಿಣದ ಜಾಲರಿ, ಅದರಲ್ಲೊಂದು ಕಿಂಡಿ, ಹಿಂದೆ ನೂಕುವ ಜನ. ದುಡ್ಡು ಮೊದಲು ಒಳಗೆ ಹೋಗುತ್ತದೆ, 90 ಅಥವಾ 180 ಎಂಎಲ್‌ನ ಟೆಟ್ರಾ ಪ್ಯಾಕ್ ಆಮೇಲೆ ಹೊರಗೆ ಬರುತ್ತದೆ. ನಮ್ಮ ಅಗ್ಗದ ವಿಸ್ಕಿಗಳಿಗೆಲ್ಲ ಹೆಚ್ಚಾಗಿ ಆಧಾರ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದ ಸ್ಪಿರಿಟ್. ಯುರೋಪಿನಲ್ಲಿ ಅದನ್ನು ವಿಸ್ಕಿ ಎಂದು ಮಾರುವಂತೆಯೇ ಇಲ್ಲ. ಮುಂಭಾಗದ ಚಿತ್ರ ಮಾತ್ರ ಕೋಟೆ, ಕಿರೀಟ, ಧಾನ್ಯದ ತೆನೆ. 2019ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮಗಳು ಆಲ್ಕೋಹಾಲ್ ಪ್ರಮಾಣ, ಎಚ್ಚರಿಕೆಯ ಸಾಲು ಎಲ್ಲವನ್ನೂ ಲೇಬಲ್ಲಿನಲ್ಲಿ ಕೇಳುತ್ತವೆ, ಸರಿ. ದುಡ್ಡು ಕೊಟ್ಟ ಮೇಲೆ ಓದಲು ಸಿಗುವ ಲೇಬಲ್ಲು ಕೊಳ್ಳುವ ನಿರ್ಧಾರಕ್ಕೆ ಹೇಗೆ ನೆರವಾದೀತು? ಅಬಕಾರಿ ಇಲಾಖೆ ಲೇಬಲ್ಲಿಗೆ ಒಪ್ಪಿಗೆ ಕೊಡುವಾಗ, ಚಪ್ಪಟೆ ಆರ್ಟ್‌ವರ್ಕ್ ಬದಲು ತುಂಬಿದ ಪ್ಯಾಕನ್ನು ಕಿಂಡಿಯ ಆಚೆ ಇಟ್ಟು ನೋಡಲಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಾಹೀರಾತು ಎಂಬುದರೊಳಗೆ ಲೇಬಲ್ಲೂ ಹೊದಿಕೆಯೂ ಸೇರುತ್ತವೆ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಒಂದೇ ಬಗೆಯ ತೊಂದರೆಗೆ ಒಳಗಾದ ಹಲವರ ಪರವಾಗಿ ಕೆಲವರು ಜಿಲ್ಲಾ ಆಯೋಗದ ಅನುಮತಿ ಪಡೆದು ದೂರು ಕೊಡಲು 35ನೇ ಕಲಮಿನಲ್ಲಿ ಅವಕಾಶವಿದೆ. ಮದ್ಯ ಕೊಂಡವರು ದೂರು ಕೊಡಲು ನಾಚುತ್ತಾರೆ. ಆ ನಾಚಿಕೆ ಬೇಡ, ತೆತ್ತದ್ದು ದುಡಿದ ದುಡ್ಡೇ. ದೂರು ಕೊಡುವ ಯೋಚನೆ ಇದ್ದವರು ಬಿಲ್ಲು ಕೇಳಿ ಪಡೆಯಿರಿ. ಪ್ಯಾಕ್ ಬಿಚ್ಚುವ ಮುಂಚೆ ಎಲ್ಲ ಬದಿಗಳ ಫೋಟೊ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟರೆ ಅಕ್ಷರದ ಅಳತೆಯೂ ಸಿಗುತ್ತದೆ. ಸಾಧ್ಯವಾದರೆ ನೀವು ನಿಂತ ಜಾಗದಿಂದ ಕೌಂಟರ್ ಹೇಗೆ ಕಾಣುತ್ತದೆ ಎಂಬುದರ ಒಂದು ಫೋಟೊವನ್ನೂ ಜೊತೆಗಿಡಿ.