ಮಗಳ ಮನೆಗೆ ಹೋಗುವ ದಾರಿ

ಹದಿಮೂರು ವರ್ಷ ಮಾಡಿದ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಯಾರಾದರೂ "ಈಗ ಏನು ಮಾಡ್ತಿದೀರಾ" ಅಂದರೆ ಬಾಯಿ ಕಟ್ಟಿಹೋಗುತ್ತಿತ್ತು. ದಾವಣಗೆರೆಯಲ್ಲಿರುವ ಅಮ್ಮನಿಗೂ ಹೇಳಿರಲಿಲ್ಲ. ಆಗಲೇ ಶ್ರೀಶೈಲಕ್ಕೆ ನಡೆದು ಹೋಗಬೇಕು ಅನ್ನಿಸಿದ್ದು. ಅಕ್ಕಮಹಾದೇವಿ ಉಡುತಡಿ ಬಿಟ್ಟು, ಕಲ್ಯಾಣ ದಾಟಿ, ಕೊನೆಗೆ ಹೋಗಿದ್ದು ಅಲ್ಲಿಗೇ ಅಲ್ವಾ? ಮಾತಿಲ್ಲದೆ ನಡೆದರೆ ನಾನು ಯಾರು ಅನ್ನೋದು ನನಗೂ ತಿಳಿಯಬಹುದು ಅಂದುಕೊಂಡೆ.

ಯುಗಾದಿಗೆ ಒಂಬತ್ತು ದಿನ ಇರುವಾಗ ರಾಯಚೂರಿನಿಂದ ಹೊರಟ ಒಂದು ಗುಂಪು ಸೇರಿಕೊಂಡೆ. ಬೆಳಗಿನ ಜಾವ ಮೂರಕ್ಕೆ ಎದ್ದು ನಡೆಯುವುದು, ಬಿಸಿಲೇರಿದ ಮೇಲೆ ಮರದ ನೆರಳಲ್ಲಿ ಮಲಗುವುದು, ಸಂಜೆ ಮತ್ತೆ ಹೊರಡುವುದು. ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ದಾರಿಯುದ್ದಕ್ಕೂ ಜನ ಮಜ್ಜಿಗೆ ಕೊಡುತ್ತಿದ್ದರು, ಅನ್ನ ಬಡಿಸುತ್ತಿದ್ದರು. ಒಂದು ಕಡೆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿದರು. ಗುರುತಿಲ್ಲದವರ ಕೈಯಲ್ಲಿ ಕಾಲು ಮುಟ್ಟಿಸಿಕೊಳ್ಳೋದು ಹೇಗೆ ಅಂತ ನಾನು ಕಾಲು ಎಳೆದುಕೊಂಡೆ. ಆ ಹುಡುಗ ಬಿಡಲಿಲ್ಲ.

ಯೋಚನೆ ಮಾತ್ರ ಒಂದೂ ಬರಲಿಲ್ಲ. ಅಂಗಾಲಲ್ಲಿ ಗುಳ್ಳೆ ಎದ್ದಿದ್ದವು. ಮುಂದಿನ ನೆರಳು ಎಲ್ಲಿ, ನೀರು ಎಲ್ಲಿ, ಮನಸ್ಸು ಇಷ್ಟೇ ಕೇಳುತ್ತಿತ್ತು.

ವೆಂಕಟಾಪುರದ ಆಚೆ ನಲ್ಲಮಲ ಕಾಡು. ಹುಲಿ ಕಾಡು ಅದು. ಹಬ್ಬದ ದಿನಗಳಲ್ಲಿ ನಡೆಯುವವರಿಗೆ ದಾರಿ ಬಿಡುತ್ತಾರೆ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ಕಲ್ಲು ದಾರಿ ಹತ್ತಿದೆವು. ಎಲೆ ಉದುರಿದ ಮರಗಳು, ಕೆಂಪು ಧೂಳು, ಸಾವಿರಾರು ಕಾಲುಗಳು. ಎಲ್ಲಿಂದಲೋ ಒಬ್ಬರು "ಹರ ಹರ" ಅಂದರೆ ಇಡೀ ಕಾಡು "ಮಹಾದೇವ" ಅನ್ನುತ್ತಿತ್ತು.

ರಾತ್ರಿ ಪೆಚ್ಚೆರುವಿನಲ್ಲಿ ಉಳಿದೆವು. ಪಕ್ಕದಲ್ಲಿ ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ. ಕಟಕ ರೊಟ್ಟಿ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗಿಟ್ಟು ಕೇಳಿದಳು: "ಯಾರ ಮಗಳವ್ವಾ ನೀ?"

"ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದೆ ಅಜ್ಜಿ, ಈಗ..."

"ಅದಲ್ಲ ನಾ ಕೇಳಿದ್ದು. ಯಾರ ಮಗಳು?"

ಅಮ್ಮನ ಹೆಸರು ಹೇಳಿದೆ. ಅಜ್ಜಿಗೆ ಅಷ್ಟು ಸಾಕಾಯಿತು. ತನ್ನ ಗಂಟು ಬಿಚ್ಚಿ ತೋರಿಸಿದಳು. ಹಸಿರು ಇಳಕಲ್ ಸೀರೆ, ಕುಬಸದ ಖಣ, ಬಳೆ, ಅರಿಷಿಣ, ಕುಂಕುಮ. ಶ್ರೀಶೈಲದ ದೇವಿ ಭ್ರಮರಾಂಬೆ ಕನ್ನಡದ ಜನಕ್ಕೆ ಮನೆಮಗಳು, ಅವಳ ಗಂಡ ಮಲ್ಲಿಕಾರ್ಜುನ, ಅಂದರೆ ಮಲ್ಲಯ್ಯ, ಅಳಿಯ. ಈ ಕಾಡಿನ ಚೆಂಚು ಜನಕ್ಕೂ ಅವನು ಅಳಿಯನೇ, ಅವರಲ್ಲಿ ಚೆಂಚು ಮಲ್ಲಯ್ಯ. ನಾನು ದೇವರ ದರ್ಶನಕ್ಕೆ ಅಂತ ಹೊರಟಿದ್ದೆ. ಸುತ್ತ ಮಲಗಿದ್ದವರೆಲ್ಲ ಮಗಳ ಮನೆಗೆ ಹೊರಟಿದ್ದರು.

"ಹಬ್ಬಕ್ಕ ತವರಿನವರು ಹೋಗಲಿಲ್ಲಂದ್ರ ಆಕಿ ದಾರಿ ನೋಡ್ತಾಳವ್ವಾ," ಅಂದಳು ಅಜ್ಜಿ.

ನನಗೆ ನಿದ್ದೆ ಬರಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಬಸ್ಸಲ್ಲಿ ಬರುತ್ತಿದ್ದ ಅಮ್ಮನಿಗೆ ಹಿಂದಿನ ವರ್ಷ ನಾನೇ ಹೇಳಿದ್ದೆ, "ಕೆಲಸ ಜಾಸ್ತಿ ಇದೆ, ಈ ಸಲ ಬರಬೇಡ" ಅಂತ. ಅಮ್ಮ ಸುಮ್ನೆ "ಆಯ್ತು" ಅಂದಿದ್ದಳು. ಆ ಬಾಗಿನವನ್ನು ಅವಳು ಏನು ಮಾಡಿದಳೋ, ಕೇಳಿಯೇ ಇರಲಿಲ್ಲ.

ಮರುದಿನ ಭೀಮನಕೊಳ. ಕಣಿವೆಗೆ ಇಳಿದು, ಆಚೆ ದಡದ ಮೆಟ್ಟಿಲು ಹತ್ತಿದರೆ ಕೈಲಾಸದ್ವಾರ. ಆ ಹತ್ತುವಿಕೆ ಮಾತಿನಲ್ಲಿ ಹೇಳುವಂಥದ್ದಲ್ಲ. ಮೊಣಕಾಲು ನಡುಗುತ್ತಿದ್ದವು. ಅಜ್ಜಿಯ ಗಂಟು ನಾನು ಹೊತ್ತೆ, ಅವಳು ನನ್ನ ಕೈ ಹಿಡಿದಳು. ಹತ್ತು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದೆವು. ಎಂಟು ದಿನದಲ್ಲಿ ಮೊದಲ ಸಲ ನನ್ನ ಕಾಲು ನನಗೆ ಮರೆತಿತ್ತು. ಗಂಟು ನೆಲಕ್ಕೆ ತಾಗಬಾರದು, ಅದೊಂದೇ ಗಮನ.

ದರ್ಶನದ ಸಾಲಿನಲ್ಲಿ ತಾಸುಗಟ್ಟಲೆ ನಿಂತೆವು. ಅಜ್ಜಿ ಸೀರೆ ಒಪ್ಪಿಸುವಾಗ ಏನೋ ಪಿಸುಗುಟ್ಟಿದಳು. ತಾಯಿ ಮಗಳ ಮಾತು ಅಂತ ನಾನು ಹಿಂದೆ ಸರಿದು ನಿಂತೆ.

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಎಲ್ಲಿದ್ದೇನೆ ಅಂತ ಹೇಳಿದೆ. ಕೆಲಸ ಬಿಟ್ಟಿದ್ದನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಕಾಲು ತುಂಬಾ ನೋಯ್ತಿದೆಯಾ?" ಅಂದಳು.

"ಹಬ್ಬಕ್ಕೆ ಬರ್ತೀನಮ್ಮ. ತಲುಪೋದು ಒಂದು ದಿನ ತಡ ಆಗಬಹುದು."

"ಆಗಲಿ ಬಿಡು. ನೀನು ಬಂದ ಮೇಲೇ ಹೋಳಿಗೆ ಮಾಡ್ತೀನಿ."