ಫೋರ್ಡ್ ಮಾಡೆಲ್ ಎ: ಡೈನಮೋ ಚಾರ್ಜಿಂಗ್ ಹದಕ್ಕೆ ಬಂತು

ಮೃಗಶಿರಾ ಮಳೆ ಹಿಡಿಯುವ ಮೊದಲು ಡೈನಮೋ (ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬುವ ಯಂತ್ರ) ಕೆಲಸ ಮುಗಿಸಬೇಕು ಅಂತ ಹಟ ಹಿಡಿದಿದ್ದೆ. ಮುಗಿದಿದೆ. ಗಾಡಿ 1930ರ ಫೋರ್ಡ್ ಮಾಡೆಲ್ ಎ. 6 ವೋಲ್ಟ್, ಅದೂ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಲೋಹದ ಮೈಗೆ ಜೋಡಣೆ.

ತೊಂದರೆ ಹೀಗಿತ್ತು. ಆಕ್ಸಿಲರೇಟರ್ ಒತ್ತಿದರೆ ಹೆಡ್‌ಲೈಟ್ ಕಣ್ಣು ಕುಕ್ಕುವಷ್ಟು ಉರಿಯುತ್ತಿತ್ತು. ಬಲ್ಬ್ ಬೇಗ ಹೋಗುತ್ತಿತ್ತು. ಲೈಟ್ ಆರಿಸಿ ಓಡಿಸಿದರೆ ಆಂಪಿಯರ್ ಮೀಟರಿನ ಮುಳ್ಳು 15ಕ್ಕೆ ಹೋಗಿ ನಿಲ್ಲುತ್ತಿತ್ತು. ಬ್ಯಾಟರಿ ನೀರು ಇಳಿಯುತ್ತಿತ್ತು, ಡೈನಮೋ ಮೇಲೆ ಕೈ ಇಡೋಕೆ ಆಗುತ್ತಿರಲಿಲ್ಲ.

ಈ ಡೈನಮೋಗೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಇಲ್ಲ. ಇರುವುದು ಮೂರನೇ ಕಾರ್ಬನ್ (ತಿರುಗುವ ಭಾಗಕ್ಕೆ ಒತ್ತಿ ಕೂತು ಕರೆಂಟ್ ದಾಟಿಸುವ ತುಂಡು). ಎರಡು ಮುಖ್ಯ ಕಾರ್ಬನ್‌ಗಳಿಂದ ಕರೆಂಟ್ ಹೊರಗೆ ಬರುತ್ತದೆ, ಮೂರನೆಯದು ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಕಾಯಿಲ್‌ಗೆ ಕರೆಂಟ್ ಕೊಡುತ್ತದೆ. ವೇಗ ಏರಿದಾಗ ಆರ್ಮೇಚರಿನ (ಡೈನಮೋ ಒಳಗೆ ತಿರುಗುವ ಸುರುಳಿಯ) ಕರೆಂಟೇ ಒಳಗಿನ ಕಾಂತಕ್ಷೇತ್ರವನ್ನು ಒಂದು ಬದಿಗೆ ಎಳೆಯುತ್ತದೆ. ಮೂರನೇ ಕಾರ್ಬನ್‌ಗೆ ಸಿಗುವ ವೋಲ್ಟೇಜ್ ಇಳಿದು ಫೀಲ್ಡ್ ಸೋಲುತ್ತದೆ, ಕರೆಂಟ್ ತಾನಾಗಿಯೇ ಮಿತಿಯಲ್ಲಿರುತ್ತದೆ. ಎಂಥ ಜಾಣ ಉಪಾಯ ಅಲ್ವಾ! ಆದರೆ ಇದು ಹಿಡಿತದಲ್ಲಿಡುವುದು ಕರೆಂಟನ್ನು, ವೋಲ್ಟೇಜನ್ನಲ್ಲ. ಬ್ಯಾಟರಿಯ ದಾರಿಯಲ್ಲಿ ಎಲ್ಲಾದರೂ ತಡೆ ಇದ್ದರೆ ವೋಲ್ಟೇಜ್ ಏರುತ್ತದೆ, ಬಲ್ಬ್ ಸುಡುತ್ತದೆ. ಬ್ಯಾಟರಿ ಕಳಚಿ ಇಂಜಿನ್ ಓಡಿಸಲೇಬಾರದು ಅನ್ನುವುದೂ ಇದಕ್ಕೇ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಇದ್ದಾರೆ. "ಮೂರನೇ ಕಾರ್ಬನ್ ಕೊನೆಗೆ ಮುಟ್ಟೋಣ ಸಾರ್. ಮೊದಲು ಅರ್ತ್ ನೋಡಿ" ಅಂದರು. ನೂರಕ್ಕೆ ನೂರು ಸರಿ. ನಮ್ಮ ಮಲೆನಾಡಿನ ತೇವಕ್ಕೆ ಟರ್ಮಿನಲ್‌ಗಳೆಲ್ಲ ಹಸಿರು ಕಿಲುಬು ಕಟ್ಟಿದ್ದವು. ಇಂಜಿನ್ ಓಡುವಾಗ ಅಳೆದರೆ ಡೈನಮೋ ಬಳಿ 8.6 ವೋಲ್ಟ್, ಬ್ಯಾಟರಿ ಮೇಲೆ 7.4. ನಡುವಿನದ್ದೆಲ್ಲ ದಾರಿಯಲ್ಲೇ ಸೋರುತ್ತಿತ್ತು. ಹಿಂದೆ ಯಾರೋ 12 ವೋಲ್ಟ್ ಗಾಡಿಯ ತೆಳು ಕೇಬಲ್ ಹಾಕಿದ್ದರು. ಅಷ್ಟೇ ವ್ಯಾಟ್‌ಗೆ 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟ್ ಹರಿಯಬೇಕು, ತೆಳು ಕೇಬಲ್ ಸಾಲದು. ದಪ್ಪ ಕೇಬಲ್ ಹಾಕಿದೆ. ಅರ್ತ್ ಪಟ್ಟಿ ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿದೆ. ಈಗ 7.5 ಮತ್ತು 7.3. ಮೀಟರ್ ಕೂಡ 13ಕ್ಕೆ ಇಳಿಯಿತು, ಕಾರ್ಬನ್ ಮುಟ್ಟದೆಯೇ!

ಆಮೇಲೆ ಕಮ್ಯುಟೇಟರ್, ಅಂದರೆ ಕಾರ್ಬನ್ ಒತ್ತಿ ಕೂರುವ ತಾಮ್ರದ ಪಟ್ಟಿಗಳ ಉರುಳೆ. ನಯವಾದ ಉಪ್ಪುಕಾಗದದಿಂದ ಉಜ್ಜಿದೆ. ಎಮರಿ ಬಟ್ಟೆ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ಸಂದಿಯಲ್ಲಿ ಕೂತು ಶಾರ್ಟ್ ಮಾಡಬಹುದು.

ಕೊನೆಗೆ ಮೂರನೇ ಕಾರ್ಬನ್. ಆರ್ಮೇಚರ್ ತಿರುಗುವ ದಿಕ್ಕಿಗೆ ಸರಿಸಿದರೆ ಚಾರ್ಜ್ ಜಾಸ್ತಿ, ಎದುರು ದಿಕ್ಕಿಗೆ ಸರಿಸಿದರೆ ಕಡಿಮೆ. ಇಂಜಿನ್ ನಿಲ್ಲಿಸಿ ಎದುರು ದಿಕ್ಕಿಗೆ ಚೂರೇ ಚೂರು ಸರಿಸುವುದು, ಸ್ಟಾರ್ಟ್ ಮಾಡಿ ನೋಡುವುದು. ತಾಳ್ಮೆ ಬೇಡುವ ಕೆಲಸ, ಆದರೆ ಮುಳ್ಳು ಮಾತು ಕೇಳಲು ಶುರುಮಾಡಿದಾಗ ಆಗುವ ಖುಷಿಯೇ ಬೇರೆ. ಲೈಟ್ ಆರಿಸಿದಾಗ 9ಕ್ಕೆ ತಂದು ನಿಲ್ಲಿಸಿದೆ. ಹೆಡ್‌ಲೈಟ್ ಹಾಕಿದರೆ ಅದರಲ್ಲಿ 8 ಆಂಪಿಯರ್ ಹೋಗಿ, ಬ್ಯಾಟರಿಗೆ ಇನ್ನೂ 1 ಉಳಿಯುತ್ತದೆ. ನನ್ನ ಓಡಾಟಕ್ಕೆ ಇದೇ ಸರಿಯಾದ ಲೆಕ್ಕ. ಬೇರೆಯವರ ಗಾಡಿಯ ಅಂಕಿಯನ್ನು ಸುಮ್ನೆ ನಕಲು ಮಾಡಬೇಡಿ. ನಿಮ್ಮ ಲೈಟ್ ಎಷ್ಟು ಎಳೆಯುತ್ತದೆ, ರಾತ್ರಿ ಎಷ್ಟು ಓಡಿಸುತ್ತೀರಿ ಅನ್ನುವುದರ ಮೇಲೆ ಹೊಂದಿಸಿ.

ಸಂಜೆ ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿವರೆಗೆ ಹೋಗಿ ಕತ್ತಲಲ್ಲಿ ವಾಪಸ್ ಬಂದೆ. ಬೆಳಕು ಏರಲೂ ಇಲ್ಲ, ಇಳಿಯಲೂ ಇಲ್ಲ. ಊರು ತಲುಪಿದ ಮೇಲೆ ಡೈನಮೋ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೇ.

ಹಗಲಿನ ಉದ್ದ ಪ್ರಯಾಣದಲ್ಲಿ ಮಾತ್ರ 9 ಆಂಪಿಯರ್ ಜಾಸ್ತಿಯೇ, ಬ್ಯಾಟರಿ ತುಂಬಿದ ಮೇಲೂ ಇದು ತುಂಬುತ್ತಲೇ ಇರುತ್ತದೆ. ಹೆಡ್‌ಲೈಟ್ ಹಾಕಿಕೊಂಡೇ ಓಡಿಸುವುದು ಹಳಬರ ಪರಿಹಾರ, ನಾನೂ ಅದನ್ನೇ ಮಾಡುತ್ತೇನೆ. ಆರಿದ್ರಾ ಮಳೆಯಲ್ಲಿ ಆಗುಂಬೆ ಕಡೆ ಹೇಗೂ ಹಗಲಲ್ಲೂ ಲೈಟ್ ಬೇಕು. ನನ್ನ ಗಾಡಿಯ ವೈಪರ್ ಇಂಜಿನ್ ವ್ಯಾಕ್ಯೂಮಿನಿಂದ ಓಡುವುದರಿಂದ ಬ್ಯಾಟರಿಗೆ ಆ ಭಾರ ಇಲ್ಲ.

ಮುಂದಿನ ಕೆಲಸ ಕಟೌಟ್, ಅಂದರೆ ಇಂಜಿನ್ ನಿಂತಾಗ ಬ್ಯಾಟರಿ ಕರೆಂಟ್ ಡೈನಮೋಗೆ ವಾಪಸ್ ಹರಿಯದಂತೆ ತಡೆಯುವ ಸ್ವಿಚ್. ಒಳಗೆ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡ್ ಕೂರಿಸಿ ಅಂತ ಕೆಲವರು ಹೇಳುತ್ತಾರೆ. ಸ್ವಿಚ್ಚಿನ ಪಾಯಿಂಟ್ (ಕೂಡಿ ಬಿಡುವ ಲೋಹದ ತುದಿಗಳು) ಇನ್ನೂ ಚೆನ್ನಾಗಿವೆ, ಹಳೆಯದನ್ನೇ ಶುಚಿಮಾಡಿ ಉಳಿಸಿಕೊಳ್ಳುತ್ತೇನೆ.